ಸೂಳೆಕೆರೆಯ ಡ್ರ್ಯಾಗನ್ ದೋಣಿ ಸ್ಪರ್ಧೆ: ನಾಲ್ಕನೆಯ ಸಾಲಿನಲ್ಲಿ ಕುಳಿತು ಕಂಡದ್ದು

ಸಂಕ್ರಾಂತಿ ಕಳೆದ ಮೇಲೆ ಬಂದ ಶನಿವಾರ ಮತ್ತು ಭಾನುವಾರ ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರದಲ್ಲಿ, ಅಂದರೆ ನಾವೆಲ್ಲ ಸೂಳೆಕೆರೆ ಎಂದೇ ಕರೆಯುವ ಕೆರೆಯಲ್ಲಿ, ಖಾಸಗಿ ಆಯೋಜಕರೊಬ್ಬರು ನಡೆಸಿದ ಡ್ರ್ಯಾಗನ್ ದೋಣಿ (ಇಪ್ಪತ್ತು ಜನ ಸಾಲಾಗಿ ಕುಳಿತು ಓಡಿಸುವ ಉದ್ದನೆಯ ದೋಣಿ) ಸ್ಪರ್ಧೆಯಲ್ಲಿ ದಾವಣಗೆರೆಯ ನಮ್ಮ ತಂಡವೂ ಹುಟ್ಟು ಹಾಕಿತು. ಏರಿಯ ಮೇಲೆ ನಿಂತು ನೋಡಿದವರು ನಗಾರಿಯ ಸದ್ದು, ಬಣ್ಣ ಬಳಿದ ಡ್ರ್ಯಾಗನ್ ತಲೆ, ಜನಜಾತ್ರೆ ಇವುಗಳ ಬಗ್ಗೆ ಈಗಾಗಲೇ ಸಾಕಷ್ಟು ಮಾತನಾಡಿದ್ದಾರೆ. ದೋಣಿಯೊಳಗೆ ಕುಳಿತವರ ಅನುಭವವನ್ನು ಯಾರೂ ಬರೆದಂತೆ ಕಾಣಲಿಲ್ಲ. ಮುಂದಿನ ವರ್ಷ ತಂಡ ಕಟ್ಟಬೇಕೆಂದಿರುವವರು ಹಲವರು ನನ್ನನ್ನು ಕೇಳುತ್ತಿರುವುದರಿಂದ, ಕೊಟ್ಟ ಹಣಕ್ಕೆ ನಮಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದನ್ನು ವಿವರವಾಗಿ ದಾಖಲಿಸುತ್ತಿದ್ದೇನೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ತರಬೇತಿ ಅತ್ಯುತ್ತಮವಾಗಿತ್ತು, ದೋಣಿಗಳು ಚೆನ್ನಾಗಿದ್ದವು, ಆದರೆ ದೋಣಿ ಹತ್ತುವ ಜಾಗದ ವ್ಯವಸ್ಥೆ ಮತ್ತು ಸಮಯಪಾಲನೆ ಎರಡೂ ಕೆಟ್ಟದಾಗಿದ್ದವು, ಮತ್ತು ಈ ಎರಡರಿಂದ ಆದ ತೊಂದರೆ ಕೇವಲ ಕಿರಿಕಿರಿಯಾಗಿರದೆ ಅಪಾಯದ ಅಂಚಿಗೆ ಹೋಗಿತ್ತು.

ನಮ್ಮ ತಂಡ ಹುಟ್ಟಿದ್ದು ಕುಂದವಾಡ ಕೆರೆಯ ದಂಡೆಯ ಮೇಲೆ. ಬೆಳಿಗ್ಗೆ ಅಲ್ಲಿ ನಡೆಯಲು ಬರುವ ಬ್ಯಾಂಕ್ ನೌಕರರು, ಶಿಕ್ಷಕಿಯರು, ಅಡಿಕೆ ವ್ಯಾಪಾರಿಗಳು, ಹರಿಹರದ ಕಡೆಯ ಇಬ್ಬರು ರೈತರು, ನಿವೃತ್ತರಾದ ಒಬ್ಬ ವೈದ್ಯರು ಸೇರಿ ಇಪ್ಪತ್ತು ಮಂದಿಯಾದೆವು. ಹನ್ನೊಂದು ಜನ ಗಂಡಸರು, ಒಂಬತ್ತು ಜನ ಹೆಂಗಸರು. ಮಿಶ್ರ ವಿಭಾಗದಲ್ಲಿ ಹುಟ್ಟು ಹಾಕುವ ಇಪ್ಪತ್ತು ಜನರ ಪೈಕಿ ಕನಿಷ್ಠ ಎಂಟು ಮಂದಿ ಮಹಿಳೆಯರಿರಬೇಕೆಂಬ ಅಂತರರಾಷ್ಟ್ರೀಯ ನಿಯಮವನ್ನೇ ಇಲ್ಲಿಯೂ ಇಟ್ಟುಕೊಂಡಿದ್ದರು, ಅದು ನನಗೆ ಬಹಳ ಮೆಚ್ಚುಗೆಯಾಯಿತು. ನಗಾರಿ ಬಾರಿಸಲು ಪದವಿ ಓದುತ್ತಿರುವ ಒಬ್ಬ ಹುಡುಗಿ ಸಿಕ್ಕಳು. ಚುಕ್ಕಾಣಿ ಹಿಡಿಯುವವರನ್ನು ಮಾತ್ರ ಆಯೋಜಕರೇ ಕೊಟ್ಟರು. ಹೊಸಬರ ಕೈಗೆ ಚುಕ್ಕಾಣಿ ಕೊಡದಿದ್ದುದು ಸರಿಯಾದ ನಿರ್ಧಾರ.

ಊರಿನಲ್ಲಿ ಹೇಳಿದಾಗ ಎಲ್ಲರೂ ಮೊದಲು ಕೇಳಿದ್ದು, "ಕೇರಳದಲ್ಲಿ ನಡೆಯುತ್ತಲ್ಲ, ಅದೇನಾ?" ಎಂದು. ಅದಲ್ಲ. ಆಲಪ್ಪುಳದ ಪುನ್ನಮಡ ಕೆರೆಯಲ್ಲಿ 1952ರಲ್ಲಿ ಆರಂಭವಾದ ನೆಹರೂ ಟ್ರೋಫಿಯಲ್ಲಿ ಓಡುವ ಚುಂಡನ್ ದೋಣಿಗಳು ನೂರು ಅಡಿಗೂ ಉದ್ದವಿದ್ದು, ಒಂದೊಂದರಲ್ಲಿ ನೂರರಷ್ಟು ಜನ ಇರುತ್ತಾರೆ. ಡ್ರ್ಯಾಗನ್ ದೋಣಿ ಚೀನಾ ಮೂಲದ್ದು. ಅದನ್ನು ಇಂದಿನ ಕ್ರೀಡೆಯ ರೂಪಕ್ಕೆ ತಂದದ್ದು 1976ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಆರಂಭವಾದ ಅಂತರರಾಷ್ಟ್ರೀಯ ಸ್ಪರ್ಧೆಗಳು; ಅಂತರರಾಷ್ಟ್ರೀಯ ಒಕ್ಕೂಟ ಸ್ಥಾಪನೆಯಾದದ್ದು 1991ರಲ್ಲಿ, ಏಷ್ಯನ್ ಕ್ರೀಡಾಕೂಟಕ್ಕೆ ಅದು ಸೇರಿದ್ದು 2010ರಲ್ಲಿ ಗುವಾಂಗ್‌ಝೌನಲ್ಲಿ. ಪ್ರಮಾಣಿತ ದೋಣಿಯ ಉದ್ದ ತಲೆ ಬಾಲ ಬಿಟ್ಟು 12.49 ಮೀಟರ್, ತೂಕ ಸುಮಾರು 250 ಕಿಲೋ. ಹತ್ತು ಸಾಲು, ಸಾಲಿಗೆ ಇಬ್ಬರು. ಮುಂದೆ ನಮ್ಮ ಕಡೆಗೆ ಮುಖ ಮಾಡಿ ನಗಾರಿಯವರು, ಹಿಂದೆ ನಿಂತುಕೊಂಡು ಚುಕ್ಕಾಣಿಯವರು. ನಾವು ನೋಡಿದ ನಾಲ್ಕು ದೋಣಿಗಳೂ ಈ ಅಳತೆಗೆ ಹತ್ತಿರವಾಗಿದ್ದವು. ಫೈಬರಿನ ಮೈ ಎಲ್ಲಿಯೂ ಬಿರುಕು ಬಿಟ್ಟಿರಲಿಲ್ಲ, ಕುಳಿತುಕೊಳ್ಳುವ ಹಲಗೆಗಳು ಅಲ್ಲಾಡುತ್ತಿರಲಿಲ್ಲ, ಕಾಲು ಊರಲು ಅಡ್ಡಪಟ್ಟಿ ಪ್ರತಿ ಸಾಲಿಗೂ ಇತ್ತು. ಈ ಕೊನೆಯದನ್ನು ಹೊಸಬರು ಗಮನಿಸುವುದಿಲ್ಲ, ಆದರೆ ಕಾಲಿಗೆ ಒತ್ತು ಸಿಗದಿದ್ದರೆ ಸೊಂಟ ತಿರುಗುವುದಿಲ್ಲ, ಸೊಂಟ ತಿರುಗದಿದ್ದರೆ ಭುಜವಷ್ಟೇ ನೋಯುತ್ತದೆ, ದೋಣಿ ಹೋಗುವುದಿಲ್ಲ.

ಶುಲ್ಕ ತಲೆಗೆ 1,200 ರೂಪಾಯಿ. ಇದರಲ್ಲಿ ನೀರಿನ ಮೇಲೆ ಒಂದೊಂದು ಗಂಟೆಯ ಎರಡು ಅಭ್ಯಾಸ, ದೋಣಿ, ಹುಟ್ಟು, ಲೈಫ್ ಜಾಕೆಟ್, ಎರಡು ದಿನದ ತಿಂಡಿ ಮತ್ತು ಊಟ ಸೇರಿತ್ತು. ಟೀ ಶರ್ಟಿಗೆ ಬೇರೆ ಹಣ. ದುಬಾರಿ ಎಂದು ಮೊದಲು ಅನಿಸಿದ್ದು ನಿಜ. ಅಭ್ಯಾಸದ ಎರಡು ಗಂಟೆಗಳ ನಂತರ ಆ ಮಾತನ್ನು ನಮ್ಮಲ್ಲಿ ಯಾರೂ ಆಡಲಿಲ್ಲ.

ತರಬೇತಿ ಕೊಟ್ಟವರು ಸೇನೆಯಲ್ಲಿದ್ದಾಗ ದೋಣಿ ಸ್ಪರ್ಧೆಗಳಲ್ಲಿ ಪಾಲ್ಗೊಂಡು ನಿವೃತ್ತರಾದ ಒಬ್ಬ ಹಿರಿಯರು. ಅವರು ನಮ್ಮನ್ನು ಮೊದಲ ನಲವತ್ತು ನಿಮಿಷ ನೀರಿಗೆ ಬಿಡಲೇ ಇಲ್ಲ. ಏರಿಯ ಪಕ್ಕದ ಕಲ್ಲುಕಟ್ಟೆಯ ಮೇಲೆ ಎರಡು ಸಾಲಾಗಿ ಕೂರಿಸಿ, ಕೈಯಲ್ಲಿ ಹುಟ್ಟು ಕೊಟ್ಟು, ಗಾಳಿಯಲ್ಲೇ ಹುಟ್ಟು ಹಾಕಿಸಿದರು. ನಾವೆಲ್ಲ ಕೈಯಿಂದ ನೀರನ್ನು ಹಿಂದಕ್ಕೆ ತಳ್ಳುತ್ತಿದ್ದೆವು. ಅವರು ಒಬ್ಬೊಬ್ಬರ ಬಳಿ ಬಂದು ಮೇಲಿನ ಕೈಯನ್ನು ಕೆಳಗಿನ ಕೈಯ ನೇರಕ್ಕೆ ತಂದು ನಿಲ್ಲಿಸಿ, ಒಳಗಿನ ಭುಜವನ್ನು ಹಿಡಿದು ತಿರುಗಿಸಿ, "ಮೊದಲು ಮುಂದೆ ಹೋಗಿ ಊರಿ. ಊರಿದ ಮೇಲೆ ಎಳೆಯಿರಿ. ಊರುವ ಮೊದಲೇ ಎಳೆದರೆ ಬರೀ ನೊರೆ" ಎಂದರು. ನಮ್ಮ ರೈತ ಅಣ್ಣನಿಗೆ ಇದು ಎಲ್ಲರಿಗಿಂತ ಮೊದಲು ಅರ್ಥವಾಯಿತು. "ಅಂದ್ರೆ ಗುದ್ದಲಿ ಹಾಕಿದಂಗೆ ಸರ್. ಮಣ್ಣಿಗೆ ಇಳಿದ ಮೇಲೇ ಬೆನ್ನು ಎಳೀಬೇಕು" ಎಂದಾಗ ಕೋಚ್ ಅವರನ್ನು ಎಬ್ಬಿಸಿ ಎರಡನೆಯ ಸಾಲಿನಲ್ಲಿ ಕೂರಿಸಿದರು. ಹುಟ್ಟನ್ನು ನೀರಿನಲ್ಲಿ ನೆಟ್ಟು ದೋಣಿಯನ್ನು ಅದರ ಕಡೆಗೆ ಎಳೆದುಕೊಳ್ಳುವುದು, ಹುಟ್ಟು ಸೊಂಟದ ಬಳಿ ಬಂದ ಕೂಡಲೇ ಪಕ್ಕಕ್ಕೆ ಎತ್ತಿಬಿಡುವುದು, ಸೊಂಟದ ಹಿಂದಕ್ಕೆ ಎಳೆದರೆ ದೋಣಿಯ ಹಿಂಭಾಗ ಕೆಳಗೆ ಕುಗ್ಗಿ ಓಟ ಮುರಿಯುವುದು: ಈ ಮೂರು ಸಂಗತಿಗಳನ್ನು ಅವರು ಎಷ್ಟು ಸಲ ಹೇಳಿದರೋ ಲೆಕ್ಕವಿಲ್ಲ.

ಕೊಟ್ಟ ಹುಟ್ಟುಗಳ ಬಗ್ಗೆ ಒಂದು ಮಾತು. ಹೆಚ್ಚಿನವು ಮರದವು, ಕೆಲವು ಮಾತ್ರ ಕಾರ್ಬನ್ ಫೈಬರಿನವು. ಸ್ಪರ್ಧೆಯ ಹುಟ್ಟಿನ ಉದ್ದ 105ರಿಂದ 130 ಸೆಂಟಿಮೀಟರ್ ಒಳಗಿರಬೇಕು, ಅಲಗಿನ ಅಗಲ 18 ಸೆಂಟಿಮೀಟರ್ ಮೀರಬಾರದು. ಉದ್ದ ತಪ್ಪಾದರೆ ಕುಳ್ಳಗಿರುವವರ ಮೇಲಿನ ಕೈ ಹಣೆಗಿಂತ ಎತ್ತರಕ್ಕೆ ಹೋಗಿ ಹತ್ತೇ ನಿಮಿಷದಲ್ಲಿ ಭುಜ ಸೋಲುತ್ತದೆ. ನನಗೆ ಮೊದಲ ದಿನ ಸಿಕ್ಕಿದ ಮರದ ಹುಟ್ಟಿನ ಹಿಡಿಯ ಅಂಚು ಸವೆದು, ಕೋಲಿನ ಮಧ್ಯೆ ವಾರ್ನಿಷ್ ಎದ್ದು ಸಣ್ಣ ಸಿಬಿರುಗಳು ನಿಂತಿದ್ದವು. ಇಪ್ಪತ್ತು ನಿಮಿಷದಲ್ಲಿ ಹೆಬ್ಬೆರಳಿನ ಬುಡದಲ್ಲಿ ಬೊಬ್ಬೆ ಎದ್ದಿತು. ಎರಡನೆಯ ಅಭ್ಯಾಸಕ್ಕೆ ಹೋಗುವಾಗ ಸೈಕಲ್ ಅಂಗಡಿಯಿಂದ ಹ್ಯಾಂಡಲ್ ಪಟ್ಟಿ ತಂದು ಸುತ್ತಿಕೊಂಡೆ, ತೊಂದರೆ ತಪ್ಪಿತು. ತಂಡಗಳಿಗೆ ಹಂಚುವ ಮೊದಲು ಹುಟ್ಟುಗಳಿಗೆ ಮರಳುಕಾಗದ ಹಾಕಿ ಉಜ್ಜಿಸಿದ್ದರೆ ಅರ್ಧ ದಿನದ ಕೆಲಸ. ಅದನ್ನು ಆಯೋಜಕರು ಮಾಡಿಸಬೇಕಿತ್ತು.

ಮಣ್ಣಿನ ಮೇಲಿನ ಪಾಠ ಮುಗಿದ ಮೇಲೆ ಕೋಚ್ ಒಂದು ತೂಕದ ಯಂತ್ರ ತಂದಿಟ್ಟು ಎಲ್ಲರನ್ನೂ ತೂಗಿಸಿದರು. ಅಂಕಿಗಳನ್ನು ಯಾರಿಗೂ ಕೇಳಿಸದಂತೆ ತಮ್ಮ ಪುಸ್ತಕದಲ್ಲಿ ಬರೆದುಕೊಂಡ ಅವರ ಸೂಕ್ಷ್ಮತೆ ನಮ್ಮ ಶಿಕ್ಷಕಿಯರಿಗೆ ತುಂಬ ಹಿಡಿಸಿತು. ಒಂದೇ ಸಾಲಿನಲ್ಲಿ ಕೂರುವ ಇಬ್ಬರ ತೂಕ ಆದಷ್ಟು ಸಮವಿರಬೇಕು. ಮುಂದಿನ ಮೂರು ಸಾಲಿಗೆ ಹಗುರವಾದ, ಲಯ ತಪ್ಪದವರು. ನಾಲ್ಕರಿಂದ ಏಳರವರೆಗೆ ಬಲವಿರುವವರು, ಇದನ್ನು ದೋಣಿಯ ಎಂಜಿನ್ ಎನ್ನುತ್ತಾರೆ. ಹಿಂದಿನ ಸಾಲುಗಳಿಗೆ ಮುಂದಿನವರು ಕಲಕಿಟ್ಟ ನೀರಿನಲ್ಲೂ ಹುಟ್ಟು ಊರಬಲ್ಲ ಗಟ್ಟಿಗರು. ಸ್ನೇಹಿತರ ಪಕ್ಕದಲ್ಲೇ ಕೂರಬೇಕೆಂದು ಬಂದಿದ್ದ ನಾವು ಆ ಹೊತ್ತಿಗೆ ಬೇರೆ ಬೇರೆಯಾದೆವು, ಮತ್ತು ದೋಣಿ ನೀರಿಗಿಳಿದಾಗ ಅದು ಎಡಕ್ಕೂ ಬಲಕ್ಕೂ ಓಲದೆ ನಿಂತದ್ದನ್ನು ನೋಡಿ ಯಾರೂ ಎದುರಾಡಲಿಲ್ಲ.

ನಾಲ್ಕನೆಯ ಸಾಲಿನಲ್ಲಿ ನನ್ನ ಬಲಕ್ಕೆ ಕುಳಿತ ಅಕ್ಕನ ಬಗ್ಗೆ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಎರಡು ವರ್ಷದ ಹಿಂದೆ ಅವರಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿತ್ತು. ಆ ಕಡೆಯ ತೋಳಿಗೆ ಭಾರ ಕೊಡಬಾರದು, ಕೊಟ್ಟರೆ ಬಾವು ಬರುತ್ತದೆ ಎಂಬ ಭಯದಲ್ಲಿ ಅವರು ಕೊಡ ಎತ್ತುವುದನ್ನೂ ಬಿಟ್ಟಿದ್ದರು. ನಮ್ಮ ತಂಡದ ವೈದ್ಯರು ಅವರಿಗೆ ಕೆನಡಾದ ಒಂದು ಪ್ರಸಂಗ ತಿಳಿಸಿದರು. ವ್ಯಾಂಕೂವರ್‌ನಲ್ಲಿ ಕ್ರೀಡಾ ವೈದ್ಯ ಡಾನ್ ಮೆಕೆಂಜಿ ಅವರು 1996ರಲ್ಲಿ ಇದೇ ಚಿಕಿತ್ಸೆ ಪಡೆದಿದ್ದ 24 ಮಂದಿ ಮಹಿಳೆಯರನ್ನು ಸೇರಿಸಿ ಡ್ರ್ಯಾಗನ್ ದೋಣಿಯಲ್ಲಿ ತರಬೇತಿ ಕೊಟ್ಟರು. ತೋಳಿನ ಬಾವು ಬರುತ್ತದೆಂಬ ಅಂದಿನ ಸಾಮಾನ್ಯ ಎಚ್ಚರಿಕೆಗೆ ವಿರುದ್ಧವಾಗಿ ಅವರಲ್ಲಿ ಹೊಸದಾಗಿ ಯಾರಿಗೂ ಬಾವು ಕಾಣಿಸಲಿಲ್ಲ. ಅಂದಿನಿಂದ ಈ ಕಾಯಿಲೆ ದಾಟಿ ಬಂದವರ ತಂಡಗಳು ಅನೇಕ ದೇಶಗಳಲ್ಲಿ ಹುಟ್ಟಿಕೊಂಡಿವೆ. ಅಕ್ಕ ತಮ್ಮ ಶಸ್ತ್ರಚಿಕಿತ್ಸಕರ ಅನುಮತಿ ಪಡೆದು, ಮೊದಲ ಅಭ್ಯಾಸದಲ್ಲಿ ಬರೀ ಇಪ್ಪತ್ತು ನಿಮಿಷ, ಎರಡನೆಯದರಲ್ಲಿ ಪೂರ್ಣ ಒಂದು ಗಂಟೆ ಹುಟ್ಟು ಹಾಕಿದರು. ಅವರಿಗೆ ತೊಂದರೆ ಕೊಟ್ಟದ್ದು ಹುಟ್ಟಲ್ಲ, ಲೈಫ್ ಜಾಕೆಟ್. ಎರಡೇ ಅಳತೆಯ ಜಾಕೆಟ್ ತಂದಿದ್ದರು. ಸಣ್ಣದರ ಪಟ್ಟಿ ಅವರ ಗಾಯದ ಕಲೆಯ ಮೇಲೆಯೇ ಒತ್ತುತ್ತಿತ್ತು, ದೊಡ್ಡದು ಕತ್ತಿನವರೆಗೆ ಜಾರುತ್ತಿತ್ತು. ಕೋಚ್ ತಾವು ತೊಟ್ಟಿದ್ದ ಜಾಕೆಟ್ಟನ್ನು ಬಿಚ್ಚಿ ಅವರಿಗೆ ಕೊಟ್ಟು ತಾವು ದಡದ ಮೇಲೆ ನಿಂತರು. ಹೆಂಗಸರಿಗೆ ಹೊಂದುವ ಜಾಕೆಟ್‌ಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಮಿಶ್ರ ವಿಭಾಗ ನಡೆಸುವವರು ಅವನ್ನು ತರಿಸಲೇಬೇಕು.

ಸುರಕ್ಷತೆಯ ಬಗ್ಗೆ ಕೋಚ್ ಮಾಡಿದ್ದಕ್ಕೂ ಆಯೋಜಕರು ಮಾಡಿದ್ದಕ್ಕೂ ಅಜಗಜಾಂತರವಿತ್ತು. ಅರ್ಜಿಯಲ್ಲಿ "50 ಮೀಟರ್ ಈಜಬಲ್ಲೆ" ಎಂಬ ಸಾಲಿನ ಕೆಳಗೆ ಎಲ್ಲರಿಂದ ಸಹಿ ಹಾಕಿಸಿಕೊಂಡಿದ್ದರು. ಅದನ್ನು ಯಾರೂ ಪರೀಕ್ಷಿಸಲಿಲ್ಲ. ನಮ್ಮಲ್ಲೇ ಐವರಿಗೆ ಈಜು ಬರುತ್ತಿರಲಿಲ್ಲ, ಸಹಿ ಹಾಕಿದ್ದು ನಮ್ಮ ತಪ್ಪು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಕೋಚ್ ನೇರವಾಗಿ ಕೇಳಿದಾಗ ನಿಜ ಹೇಳಿದೆವು. ಅವರು ಆ ಐವರನ್ನು ಎದೆಮಟ್ಟದ ನೀರಿಗೆ ಇಳಿಸಿ ಜಾಕೆಟ್ ತೊಡಿಸಿ, ಮಲಗಿದ ಹಾಗೆ ತೇಲಲು ಕಲಿಸಿ, ಆಮೇಲೆ ದಂಡೆಯ ಹತ್ತಿರವೇ ಬೇಕೆಂದು ದೋಣಿಯನ್ನು ಮಗುಚಿ ಇಪ್ಪತ್ತು ಜನರನ್ನೂ ನೀರಿಗೆ ಹಾಕಿದರು. ಮಗುಚಿದಾಗ ಮೊದಲು ದೋಣಿಯನ್ನು ಹಿಡಿದುಕೊಳ್ಳಬೇಕು, ದಡಕ್ಕೆ ಈಜಲು ಹೋಗಬಾರದು. ಪಕ್ಕದಲ್ಲಿ ಕುಳಿತವರು ಕಾಣುತ್ತಾರೆಯೇ ಎಂದು ನೋಡುವುದು ನಿಮ್ಮ ಹೊಣೆ. ಮುಂದಿನ ಸಾಲಿನಿಂದ ಹಿಂದಕ್ಕೆ ಒಂದು, ಎರಡು, ಮೂರು ಎಂದು ಕೂಗಿ ಎಣಿಸಬೇಕು. ಆ ತಣ್ಣೀರಿನಲ್ಲಿ ಹಲ್ಲು ಕಡಿಯುತ್ತ "ನಾಲ್ಕು" ಎಂದು ಕೂಗಿದಾಗ ಪಕ್ಕದಿಂದ ಅಕ್ಕನ "ನಾಲ್ಕು" ಕೇಳಿಸಿತು. ಇಡೀ ಶಿಬಿರದಲ್ಲಿ ನಾನು ಕಲಿತ ಅತಿ ಮುಖ್ಯ ಪಾಠ ಅದು.

ಸ್ಪರ್ಧೆಯ ಮೊದಲ ದಿನ ಬೆಳಿಗ್ಗೆ ಏಳಕ್ಕೆ ಹಾಜರಿರಬೇಕೆಂದು ತಿಳಿಸಿದ್ದರು. ಸಿದ್ದೇಶ್ವರ ದೇವಸ್ಥಾನದ ಬಳಿ ವಾಹನ ನಿಲ್ಲಿಸಿ ಆರೂವರೆಗೇ ತಲುಪಿದೆವು. ಆ ಹೊತ್ತಿನ ಸೂಳೆಕೆರೆಯನ್ನು ನೋಡಿದವರಿಗೆ ಗೊತ್ತು: ಎರಡು ಗುಡ್ಡಗಳ ನಡುವೆ ಕಟ್ಟಿದ ಏರಿಯ ಹಿಂದೆ ಆರು ಸಾವಿರ ಎಕರೆಗೂ ಮೀರಿ ಹರಡಿದ ನೀರು ಕನ್ನಡಿಯಂತಿತ್ತು, ಹರಿಗೋಲಿನಲ್ಲಿ ಬಲೆ ಎಳೆಯುತ್ತಿದ್ದ ಮೀನುಗಾರರ ಮಾತು ಅಷ್ಟು ದೂರದಿಂದಲೂ ಕೇಳುತ್ತಿತ್ತು. ಡ್ರ್ಯಾಗನ್ ದೋಣಿಗೆ ಇದಕ್ಕಿಂತ ಒಳ್ಳೆಯ ನೀರು ಸಿಗದು. ಆ ನೀರಿನಲ್ಲಿ ಒಂದು ದೋಣಿಯೂ ಓಡಲಿಲ್ಲ.

ಕಾರಣ, ಉದ್ಘಾಟನೆ. ಡ್ರ್ಯಾಗನ್ನಿನ ಕಣ್ಣಿಗೆ ಬಣ್ಣದ ಚುಕ್ಕೆ ಇಟ್ಟು ಅದನ್ನು ಎಬ್ಬಿಸುವ ಸಂಪ್ರದಾಯವಿದೆ. ಅದನ್ನು ಶಾಲೆಯ ಒಬ್ಬ ಹುಡುಗಿಯಿಂದ ಮಾಡಿಸಿ, ಜೊತೆಗೆ ನಮ್ಮ ಪದ್ಧತಿಯಂತೆ ತೆಂಗಿನಕಾಯಿ ಒಡೆಸಿದ್ದು ಚೆನ್ನಾಗಿತ್ತು. ನಿರೂಪಕರು ಚೀನಾದ ಡ್ರ್ಯಾಗನ್ ದೋಣಿ ಹಬ್ಬದ ಹಿಂದಿನ ಕಥೆಯನ್ನೂ ಐದು ನಿಮಿಷದಲ್ಲಿ ಸೊಗಸಾಗಿ ಹೇಳಿದರು: ಚೂ ರಾಜ್ಯದ ಕವಿ, ಮಂತ್ರಿ ಚೂ ಯುವಾನ್ ದೇಶದ ಸೋಲನ್ನು ತಾಳಲಾರದೆ ಮಿಲುವೋ ನದಿಗೆ ಹಾರಿದನೆಂದೂ, ಜನರು ದೋಣಿಗಳಲ್ಲಿ ಧಾವಿಸಿ ನಗಾರಿ ಬಾರಿಸಿ ಮೀನುಗಳನ್ನು ಓಡಿಸಿದರೆಂದೂ, ಅವನ ದೇಹವನ್ನು ಮೀನು ಮುಟ್ಟದಿರಲೆಂದು ಅನ್ನವನ್ನು ನೀರಿಗೆ ಹಾಕಿದರೆಂದೂ ಐತಿಹ್ಯ, ಚೀನೀ ಪಂಚಾಂಗದ ಐದನೆಯ ತಿಂಗಳ ಐದನೆಯ ದಿನ ಇಂದಿಗೂ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಕಡುಬು ತಿನ್ನುತ್ತಾರೆ. 2009ರಲ್ಲಿ ಯುನೆಸ್ಕೋ ಈ ಹಬ್ಬವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಇಷ್ಟಕ್ಕೇ ನಿಲ್ಲಿಸಿ ನಮ್ಮನ್ನು ನೀರಿಗಿಳಿಸಿದ್ದರೆ ಎಂಟೂವರೆಗೆ ಮೊದಲ ಓಟ ಮುಗಿಯುತ್ತಿತ್ತು. ಆದರೆ ಅದರ ಮೇಲೆ ಸನ್ಮಾನ, ಹಾರ, ಶಾಲು, ಒಬ್ಬರಾದ ಮೇಲೊಬ್ಬರ ಭಾಷಣ. ವೇದಿಕೆಗೆ ಶಾಮಿಯಾನ ಇತ್ತು, ಜಾಕೆಟ್ ತೊಟ್ಟು ಸಾಲಾಗಿ ನಿಂತ ಹುಟ್ಟಿನವರಿಗೆ ನೆರಳಿರಲಿಲ್ಲ. ಮೊದಲ ಓಟ ಶುರುವಾದಾಗ ಹನ್ನೊಂದು ಗಂಟೆ ದಾಟಿತ್ತು. ಅಷ್ಟರಲ್ಲಿ ಗಾಳಿ ಎದ್ದಿತ್ತು.

ಈ ಕೆರೆಯ ಗಾಳಿಯ ಬಗ್ಗೆ ಮೀನುಗಾರರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಬಿಸಿಲೇರಿದಂತೆ ತೆರೆದ ನೀರಿನ ಮೇಲೆ ತಡೆಯಿಲ್ಲದೆ ಬರುವ ಗಾಳಿ ಏರಿಯ ಕಡೆಗೆ ಬರುವಷ್ಟರಲ್ಲಿ ಮೊಣಕಾಲೆತ್ತರದ ಅಲೆ ಎಬ್ಬಿಸುತ್ತದೆ. ಡ್ರ್ಯಾಗನ್ ದೋಣಿಯ ಅಂಚು ನೀರಿನಿಂದ ಹೆಚ್ಚು ಮೇಲಿರುವುದಿಲ್ಲ. ಇಪ್ಪತ್ತೆರಡು ಜನ ಕುಳಿತ ಮೇಲಂತೂ ಒಂದು ಗೇಣು ಇರಬಹುದಷ್ಟೆ. 200 ಮೀಟರಿನ ನಮ್ಮ ಮೊದಲ ಓಟಕ್ಕೆ ಆರಂಭದ ಗೆರೆಯಲ್ಲಿ ನಾಲ್ಕು ದೋಣಿಗಳನ್ನು ಸರಿಸಾಲಿಗೆ ತರಲು ಹನ್ನೆರಡು ನಿಮಿಷ ಹಿಡಿಯಿತು. ಒಂದನ್ನು ಸರಿಪಡಿಸುವಷ್ಟರಲ್ಲಿ ಇನ್ನೊಂದನ್ನು ಗಾಳಿ ತಿರುಗಿಸುತ್ತಿತ್ತು. ಅಷ್ಟೂ ಹೊತ್ತು ನಾವು ಹುಟ್ಟನ್ನು ನೀರಿನಲ್ಲಿ ಅಡ್ಡ ಹಿಡಿದು ದೋಣಿಯನ್ನು ತಡೆಯುತ್ತ ಕುಳಿತಿದ್ದೆವು. ಅಲೆಯೊಂದು ಅಂಚು ದಾಟಿ ನನ್ನ ತೊಡೆಯ ಮೇಲೆ ಬಿತ್ತು, ನೋಡನೋಡುತ್ತ ಹಿಮ್ಮಡಿ ಮುಳುಗುವಷ್ಟು ನೀರು ತುಂಬಿತು. ನೀರೆತ್ತಲು ಇಡೀ ದೋಣಿಗೆ ಇದ್ದದ್ದು ಒಂದೇ ಪ್ಲಾಸ್ಟಿಕ್ ಮಗ್ಗು. ಅದು ಏಳನೆಯ ಸಾಲಿನಲ್ಲಿತ್ತು.

ಆಮೇಲೆ ಬಂದ ಆ ಒಂದು ನಿಮಿಷದ ಬಗ್ಗೆ ಎಷ್ಟು ಬರೆದರೂ ನನಗೆ ತೃಪ್ತಿಯಾಗದು. "ಸಿದ್ಧರಾಗಿದ್ದೀರಾ? ಗಮನ!" ಎಂದ ಕೂಡಲೇ ಇಪ್ಪತ್ತು ಹುಟ್ಟುಗಳು ನೀರಿನೊಳಗೆ ಊರಿ ನಿಂತವು. ಗಾಳಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹಾರ್ನ್ ಕೂಗಿತು. ಮೊದಲ ಐದಾರು ಏಟು ದೋಣಿ ಏಳುವುದೇ ಇಲ್ಲವೇನೋ ಎನಿಸುವಷ್ಟು ಭಾರ; ನೀರಲ್ಲ, ಒದ್ದೆ ಜೇಡಿಮಣ್ಣನ್ನು ಎಳೆಯುತ್ತಿದ್ದೇವೆ ಎನಿಸುತ್ತದೆ. ಏಳನೆಯದೋ ಎಂಟನೆಯದೋ ಏಟಿಗೆ ಕೆಳಗಿನಿಂದ ದೋಣಿ ಹಗುರಾಗುವುದು ಕುಳಿತ ಹಲಗೆಯ ಮೂಲಕವೇ ತಿಳಿಯುತ್ತದೆ. ಕಿವಿಯಿಂದ ನಗಾರಿಯನ್ನು ಹಿಂಬಾಲಿಸಬೇಡಿ, ಕಣ್ಣಿನಿಂದ ಮುಂದಿನ ಜೋಡಿಯ ಹುಟ್ಟನ್ನು ನೋಡಿ ಎಂದು ಕೋಚ್ ಹೇಳಿದ್ದರು. ಲಯ ಇಡುವವರು ಮೊದಲ ಸಾಲಿನ ಇಬ್ಬರು, ನಗಾರಿ ಅವರನ್ನು ಹಿಡಿದು ಎಲ್ಲರಿಗೂ ತಲುಪಿಸುವುದು. ನಮ್ಮ ಹುಡುಗಿ ಅಭ್ಯಾಸದಲ್ಲಿ ಉತ್ಸಾಹದಿಂದ ತಾನೇ ಮುಂದೆ ಓಡುತ್ತಿದ್ದಳು, ಸ್ಪರ್ಧೆಯ ದಿನ ಒಂದು ಪೆಟ್ಟೂ ತಪ್ಪಲಿಲ್ಲ. ಕೊನೆಯ ಐವತ್ತು ಮೀಟರಿನಲ್ಲಿ ನನಗೆ ಉಸಿರು ಸಿಗುತ್ತಿರಲಿಲ್ಲ. ಪಕ್ಕದಲ್ಲಿ ಅಕ್ಕನ ಹುಟ್ಟು ನನ್ನ ಹುಟ್ಟಿನ ಜೊತೆಗೇ ಇಳಿಯುತ್ತಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ. ಒಂದು ನಿಮಿಷ ಹದಿನಾಲ್ಕು ಸೆಕೆಂಡ್. ನಾಲ್ಕರಲ್ಲಿ ಮೂರನೆಯವರಾದೆವು. ನುರಿತ ತಂಡಗಳು ಇದೇ ದೂರವನ್ನು ಮುಕ್ಕಾಲು ನಿಮಿಷದೊಳಗೆ ಮುಗಿಸುತ್ತವೆ.

ಓಟದ ಸಂತೋಷವೆಲ್ಲ ಜೆಟ್ಟಿಗೆ ಬರುವಾಗ ಇಳಿದುಹೋಯಿತು. ಇಡೀ ಸ್ಪರ್ಧೆಗೆ ಪ್ಲಾಸ್ಟಿಕ್ ಡಬ್ಬಿಗಳನ್ನು ಜೋಡಿಸಿದ ತೇಲುವ ಜೆಟ್ಟಿ ಒಂದೇ. ಇಳಿಯುವವರೂ ಹತ್ತುವವರೂ ಅದರ ಮೇಲೆಯೇ. ದೋಣಿ ಹತ್ತುವಾಗ ಮಧ್ಯದ ಸಾಲುಗಳಿಂದ ಆರಂಭಿಸಿ ಎರಡೂ ಕಡೆಗೆ ತುಂಬುತ್ತ ಹೋಗಬೇಕು, ಇಳಿಯುವಾಗಲೂ ಕ್ರಮವಿದೆ. ಒಬ್ಬರು ಅಂಚನ್ನು ಹಿಡಿದು ನಿಂತಿರಬೇಕು. ಜೆಟ್ಟಿಯಲ್ಲಿದ್ದ ಸ್ವಯಂಸೇವಕ ಹುಡುಗರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. "ಬೇಗ ಬನ್ನಿ ಸರ್, ಲೇಟ್ ಆಗ್ತಿದೆ" ಎಂದು ಅವಸರಿಸಿ ನಮ್ಮ ನಂತರದ ತಂಡವನ್ನು ಮುಂದಿನಿಂದ ಒಟ್ಟಾಗಿ ಹತ್ತಿಸಿದರು. ದೋಣಿ ವಾಲಿತು, ಒಬ್ಬರು ಜೆಟ್ಟಿಗೂ ದೋಣಿಗೂ ನಡುವೆ ನೀರಿಗೆ ಬಿದ್ದರು, ಅಲೆಗೆ ದೋಣಿ ಮತ್ತೆ ಜೆಟ್ಟಿಯ ಕಡೆಗೆ ಬಂತು. ನಮ್ಮ ರೈತ ಅಣ್ಣ ಮತ್ತು ಇನ್ನಿಬ್ಬರು ಕಾಲು ಕೊಟ್ಟು ದೋಣಿಯನ್ನು ತಡೆದು ಅವರನ್ನು ಮೇಲೆತ್ತಿದರು. ಮೊಣಕಾಲಿನ ಕೆಳಗೆ ಒಂದು ಗೇಣುದ್ದ ಚರ್ಮ ತರಚಿತ್ತು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ವೇದಿಕೆಯ ಹಿಂದೆ ಇತ್ತು. ಅದನ್ನು ತರಲು ಹೋದವರು ಬರುವಷ್ಟರಲ್ಲಿ ನಮ್ಮ ವೈದ್ಯರು ತಮ್ಮ ಟವೆಲ್ಲಿನಿಂದ ಕಟ್ಟು ಕಟ್ಟಿ ಮುಗಿಸಿದ್ದರು. ಪೆಟ್ಟು ದೊಡ್ಡದಾಗದಿದ್ದುದು ದೈವಬಲ. ಹೀಗಾಗಬಹುದೆಂದು ಹಿಂದಿನ ಸಂಜೆಯೇ ಕೋಚ್ ಆಯೋಜಕರಿಗೆ ಎಚ್ಚರಿಸಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದ್ದೆ, ಆದ್ದರಿಂದ ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಚಿತ್ರಾನ್ನ, ಮೊಸರನ್ನ, ಬಾಳೆಹಣ್ಣು. ರುಚಿ ಚೆನ್ನಾಗಿತ್ತು, ಬಂದದ್ದು ಮೂರೂವರೆಗೆ. ಅಷ್ಟರೊಳಗೆ ಹಸಿವು ತಾಳದೆ ಕೆಲವರು ದಂಡೆಯ ಗಾಡಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದು ಮಧ್ಯಾಹ್ನದ ಓಟದಲ್ಲಿ ಹೊಟ್ಟೆ ಹಿಡಿದುಕೊಂಡರು. ಹುಟ್ಟು ಹಾಕುವ ದಿನ ಬೆಣ್ಣೆ ದೋಸೆಯೂ ಬೇಡ, ಮೆಣಸಿನಕಾಯಿಯೂ ಬೇಡ. ಬಾಳೆಹಣ್ಣು, ಇಡ್ಲಿ ಸಾಕು. ಹೆಂಗಸರು ಬಟ್ಟೆ ಬದಲಿಸಲು ಇದ್ದದ್ದು ತಗಡಿನ ಒಂದು ಕೋಣೆ, ಅದಕ್ಕೆ ಚಿಲಕವಿರಲಿಲ್ಲ. ಒಬ್ಬರು ಒಳಗಿದ್ದಾಗ ಇನ್ನೊಬ್ಬರು ಬಾಗಿಲು ಹಿಡಿದು ನಿಲ್ಲುತ್ತಿದ್ದೆವು.

ಎರಡನೆಯ ದಿನ ಪರಿಸ್ಥಿತಿ ಸುಧಾರಿಸಿತು ಎಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಕೋಚ್ ಮತ್ತು ತಂಡಗಳ ನಾಯಕರು ಶನಿವಾರ ರಾತ್ರಿ ಆಯೋಜಕರೊಡನೆ ಕುಳಿತು ಮಾತನಾಡಿದ ಫಲವಾಗಿ ಭಾನುವಾರ ಏಳೂಕಾಲಿಗೇ 500 ಮೀಟರಿನ ಓಟಗಳು ಆರಂಭವಾದವು. ಶಾಂತ ನೀರಿನಲ್ಲಿ ಗೆರೆಗೆ ಬಂದು ನಿಲ್ಲಲು ಎರಡು ನಿಮಿಷವೂ ಬೇಕಾಗಲಿಲ್ಲ. ನಾವು ಮೂರು ನಿಮಿಷ ಎಂಟು ಸೆಕೆಂಡಿನಲ್ಲಿ ಮುಗಿಸಿ ಎರಡನೆಯವರಾದೆವು. ಸಮಯ ಹಿಡಿದವರು ಇಬ್ಬರು, ಇಬ್ಬರ ಗಡಿಯಾರವನ್ನೂ ನಾಯಕರಿಗೆ ತೋರಿಸಿಯೇ ಹಲಗೆಯ ಮೇಲೆ ಬರೆದರು. ಹಿಂದಿನ ದಿನ ಫಲಿತಾಂಶಕ್ಕೆ ಎರಡು ಗಂಟೆ ಕಾದು ಫೈನಲ್ ಪಟ್ಟಿಯ ವಿಷಯದಲ್ಲಿ ಎರಡು ತಂಡಗಳು ಜಗಳವಾಡಿದ್ದಕ್ಕೆ ಹೋಲಿಸಿದರೆ ಇದು ದೊಡ್ಡ ಬದಲಾವಣೆ. ಹತ್ತೂವರೆಗೆ ಎಲ್ಲ ಮುಗಿಯಿತು. ಅದೇ ಕೆರೆ, ಅದೇ ದೋಣಿ, ಅದೇ ಜನ. ಗಂಟೆ ಬದಲಾದದ್ದರಿಂದ ಸ್ಪರ್ಧೆಯೇ ಬೇರೆಯಾಯಿತು.

ಚಿತ್ರದುರ್ಗದಿಂದ ಬಂದ ತಂಡದವರು ಮುಂದಿನ ಸಲ ಹಿರಿಯೂರಿನ ಬಳಿಯ, ಮಾರಿಕಣಿವೆ ಎಂದೂ ಕರೆಯುವ ವಾಣಿ ವಿಲಾಸ ಸಾಗರದಲ್ಲಿ ನಡೆಸಬೇಕೆಂದು ಪಟ್ಟು ಹಿಡಿದಿದ್ದಾರೆ. 1933ರ ನಂತರ 2022ರಲ್ಲಿ, ಮತ್ತೆ 2025ರ ಜನವರಿಯಲ್ಲಿ ಕೋಡಿ ಬಿದ್ದ ಮೇಲೆ ಮಾರಿಕಣಿವೆಯ ನೀರಿನ ಮೇಲೆ ಅವರಿಗೆ ಅಭಿಮಾನ ಬಂದಿರುವುದು ಸಹಜ, ಮತ್ತು ಗುಡ್ಡಗಳ ಮರೆಯ ಕೆಲವು ಕಡೆ ಗಾಳಿ ಕಡಿಮೆ ಇರಬಹುದು. ಆದರೆ ಅಣೆಕಟ್ಟಿನ ನೀರು ತಿಂಗಳಿಂದ ತಿಂಗಳಿಗೆ ಇಳಿಯುವುದರಿಂದ ಅಲ್ಲಿ ಜೆಟ್ಟಿಯ ಸಮಸ್ಯೆ ಇನ್ನೂ ಕಠಿಣವಾಗುತ್ತದೆ. ಅವರೇ ಇನ್ನೊಂದು ಮಾತನ್ನೂ ಎತ್ತಿದರು, ಅದು ನನ್ನ ಮನಸ್ಸಿಗೆ ನಾಟಿತು: ಚಿತ್ರದುರ್ಗಕ್ಕೆ ಕುಡಿಯುವ ನೀರು ಹೋಗುವುದು ಇದೇ ಸೂಳೆಕೆರೆಯಿಂದ. ರಕ್ಷಣೆಗೆ ತಂದ ಎಂಜಿನ್ ದೋಣಿಯಿಂದ ಎಣ್ಣೆ ಸೋರಿ ನೀರಿನ ಮೇಲೆ ಬಣ್ಣದ ಪೊರೆ ಕಟ್ಟಿದ್ದನ್ನು ನಾವೆಲ್ಲ ನೋಡಿದೆವು. ನೀರಿನ ಬಾಟಲಿಗಳನ್ನು ಆಯ್ದು ತರಲು ಭಾನುವಾರ ಮಧ್ಯಾಹ್ನ ನಾಲ್ಕು ತಂಡಗಳು ಉಳಿದುಕೊಂಡವು, ಮೀನುಗಾರರು ತಮ್ಮ ಹರಿಗೋಲು ಕೊಟ್ಟರು.

ತಂಡ ಕಟ್ಟುವವರಿಗೆ ನನ್ನ ಸಲಹೆ ಇಷ್ಟು. ಕೊಡುವ ಎರಡು ಅಭ್ಯಾಸ ಸಾಲದು, ಹಣ ಕೊಟ್ಟಾದರೂ ಇನ್ನೆರಡು ಕೇಳಿ ಪಡೆಯಿರಿ. ಈಜು ಬಾರದಿದ್ದರೆ ಸಹಿ ಹಾಕಬೇಡಿ, ಕೋಚ್‌ಗೆ ಹೇಳಿ. ಇಪ್ಪತ್ತಕ್ಕೆ ಇಪ್ಪತ್ತೇ ಜನ ಹೋಗಬೇಡಿ, ಇಬ್ಬರು ಹೆಚ್ಚುವರಿ ಇರಲಿ. ನಮಗೆ ಎರಡನೆಯ ದಿನ ಒಬ್ಬರು ಜ್ವರದಿಂದ ಬರಲಾಗದೆ ಬೇರೆ ತಂಡದಿಂದ ಎರವಲು ಪಡೆಯಬೇಕಾಯಿತು. ಅಂಗೈಗೆ ಪಟ್ಟಿ, ಒಣ ಬಟ್ಟೆ, ಟೋಪಿ ತಪ್ಪದೆ ಇರಲಿ.

ನಾವು ಇಪ್ಪತ್ತೊಂದು ಮಂದಿಯೂ ಸಹಿ ಮಾಡಿ ಆಯೋಜಕರಿಗೆ ಪತ್ರ ಬರೆದಿದ್ದೇವೆ: ಹತ್ತಲು ಒಂದು, ಇಳಿಯಲು ಒಂದು ಎಂದು ಎರಡು ಜೆಟ್ಟಿ; ಹನ್ನೊಂದರೊಳಗೆ ಎಲ್ಲ ಓಟಗಳ ಮುಕ್ತಾಯ, ಭಾಷಣಗಳು ಆಮೇಲೆ; ಹೆಂಗಸರ ಅಳತೆಯ ಜಾಕೆಟ್. ಎರಡನೆಯದಕ್ಕೂ ಮೂರನೆಯದಕ್ಕೂ ಒಪ್ಪಿ ಉತ್ತರ ಬಂದಿದೆ. ಜೆಟ್ಟಿಯ ಬಗ್ಗೆ "ಪರಿಶೀಲಿಸುತ್ತೇವೆ" ಎಂದಿದೆ. ಅದಕ್ಕೆ ಸ್ಪಷ್ಟ ಉತ್ತರ ಬರುವವರೆಗೆ ಮುಂದಿನ ವರ್ಷದ ನೋಂದಣಿಗೆ ಹಣ ಕಟ್ಟುವುದಿಲ್ಲವೆಂದು ತಂಡ ನಿರ್ಧರಿಸಿದೆ. ಅಕ್ಕ ಮಾತ್ರ ಪ್ರತಿದಿನ ಬೆಳಿಗ್ಗೆ ಕುಂದವಾಡ ಕೆರೆಯ ಕಲ್ಲುಬೆಂಚಿನ ಮೇಲೆ ಕುಳಿತು ಹುಟ್ಟಿಲ್ಲದ ಕೈಯಲ್ಲಿ ನೂರು ಏಟು ಎಣಿಸುತ್ತಾರೆ, ನಾನು ಅವರ ಎಡಕ್ಕೆ ಕೂರುತ್ತೇನೆ.